ದೊಡ್ಡವ್ವನ ಅರ್ಧ ಸಾಲು

ನನಗೊಂದು ಚಟವಿದೆ. ಕಿವಿಗೆ ಬಿದ್ದ ಸದ್ದು ಯಾವುದೇ ಆಗಲಿ, ಅದು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ಎಣಿಸುವುದು. ಆಟೋ ತಿರುವಿನಲ್ಲಿ ಟಿಕ್ ಟಿಕ್ ಎನ್ನುವ ಇಂಡಿಕೇಟರು ಸುಮಾರು ತೊಂಬತ್ತು. ನಮ್ಮ ಮನೆಯ ಹಳೆಯ ಫ್ಯಾನು ಮೂರರ ಮೇಲಿಟ್ಟರೆ ನೂರಾ ಇಪ್ಪತ್ತು. ನಾಲ್ಕರ ಮೇಲಿಟ್ಟರೆ ತಾಳ ತಪ್ಪುತ್ತದೆ, ಅದಕ್ಕೇ ಎಂಥ ಬೇಸಿಗೆಯಲ್ಲೂ ನಾನು ಮೂರು ದಾಟುವುದಿಲ್ಲ. ಕಳೆದ ತಿಂಗಳು ಬಳ್ಳಾರಿಯಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದೆ. ಪಕ್ಕದ ಕೋಣೆಯಲ್ಲಿ ಯಾವುದೋ ಯಂತ್ರ ನೀರೆಳೆಯುವ ಸದ್ದು ಎಷ್ಟು ಹದವಾಗಿತ್ತೆಂದರೆ ನನ್ನ ಬಲಗಾಲು ತಾನಾಗಿಯೇ ಕುಣಿಯತೊಡಗಿತು. ಡಾಕ್ಟರು ಕೈ ನಿಲ್ಲಿಸಿ, "ನೋವಾಗಾಕತ್ತೈತೇನ್ರಿ?" ಎಂದರು. ಬಾಯಿ ತುಂಬ ಹತ್ತಿ ಇದ್ದುದರಿಂದ "ಇಲ್ರಿ, ತಾಳ" ಎನ್ನಲು ಆಗಲಿಲ್ಲ. ಅವರು ಇನ್ನೊಂದು ಇಂಜೆಕ್ಷನ್ ಚುಚ್ಚಿದರು.

ಇದು ನನ್ನ ಹೊಟ್ಟೆಪಾಡಿನ ಚಟ, ಹಾಗಾಗಿ ಬಿಡುವಂತಿಲ್ಲ. ನಾನು ಎಲೆಕ್ಟ್ರಾನಿಕ್ ಮ್ಯೂಸಿಕ್ ಪ್ರೊಡ್ಯೂಸರ್. ಅಂದರೆ ಕಂಪ್ಯೂಟರಿನ ಮುಂದೆ ಕೂತು ಸದ್ದುಗಳನ್ನು ಕತ್ತರಿಸಿ, ಜೋಡಿಸಿ, ಅವುಗಳ ಕೆಳಗೆ ಎದೆ ನಡುಗುವಂಥ ಬೀಟು ಹಾಕಿ, ಜನ ಕುಣಿಯುವಂಥ ಹಾಡು ಮಾಡುವವಳು. ಇದನ್ನು ಕುರುಗೋಡಿನಲ್ಲಿ ವಿವರಿಸುವುದು ಹಾಡು ಮಾಡುವುದಕ್ಕಿಂತ ಕಷ್ಟ. ಪ್ರೊಡ್ಯೂಸರ್ ಎಂದರೆ ಸಿನಿಮಾಕ್ಕೆ ಹಣ ಹಾಕುವ ಸಾಹುಕಾರ ಎಂದು ತಿಳಿದ ನಮ್ಮ ಓಣಿಯ ಹಿರಿಯರೊಬ್ಬರು ಬಹಳ ಗೌರವದಿಂದ, "ಹೀರೋ ಯಾರವ್ವಾ?" ಎಂದು ವಿಚಾರಿಸಿದ್ದರು. ನಮ್ಮವ್ವನಿಗೆ ಈ ರಗಳೆಯೇ ಬೇಡ. ಯಾರು ಕೇಳಿದರೂ, "ನಮ್ಮ ಗಿರಿಜಾ ಕಂಪ್ಯೂಟರ್‌ದಾಗ ಅದಾಳ" ಎನ್ನುತ್ತಾಳೆ, ನಾನು ಅದರೊಳಗೇ ಮನೆ ಮಾಡಿಕೊಂಡಿರುವಂತೆ.

ಚಟ ಹತ್ತಿದ್ದು ಅಪ್ಪನ ಗಿರಣಿಯಲ್ಲಿ. ಕುರುಗೋಡಿನಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಮೋಟಾರಿನಿಂದ ಕಲ್ಲಿಗೆ ಹೋಗುವ ಉದ್ದನೆಯ ಬೆಲ್ಟನ್ನು ಒಂದು ಕಡೆ ತಗಡಿನ ಕೊಂಡಿ ಹಾಕಿ ಜೋಡಿಸಿದ್ದರು. ಆ ಕೊಂಡಿ ಸುತ್ತಿ ಬಂದು ಗಾಲಿಯ ಮೇಲೆ ಹಾಯುವಾಗಲೆಲ್ಲ ಒಂದು 'ಟಪ್'. ಬೆಳಗಿನಿಂದ ಸಂಜೆಯವರೆಗೆ ಟಪ್, ಟಪ್, ಟಪ್. ಅಪ್ಪ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರೂ ಕಲ್ಲಿನೊಳಗೆ ಏನು ಬಿದ್ದಿದೆ ಎಂದು ಅವರಿಗೆ ತಿಳಿಯುತ್ತಿತ್ತು. "ಜ್ವಾಳ ಮುಗೀತು, ಗೋಧಿ ಹಾಕ್ಯಾರ" ಎಂದು ಎದ್ದು ಒಳಗೆ ಹೋಗುತ್ತಿದ್ದರು. ಮೆಣಸಿನಕಾಯಿ ಬಿದ್ದ ದಿನ ಮಾತ್ರ ಕಿವಿ ಬೇಕಾಗಿರಲಿಲ್ಲ. ಇಡೀ ಓಣಿಯೇ ಒಂದು ತಾಳಕ್ಕೆ ಸೀನುತ್ತಿತ್ತು.

ಆ ಟಪ್ ಸದ್ದಿಗೆ ನಾನು ಮಗ್ಗಿ ಬಾಯಿಪಾಠ ಮಾಡಿದ್ದೆ. ಹದಿನೇಳೊಂದ್ಲೆ ಹದಿನೇಳು, ಟಪ್. ಹದಿನೇಳೆರಡ್ಲೆ ಮೂವತ್ನಾಲ್ಕು, ಟಪ್. ಮನೆಯಲ್ಲಿ ನಾನು ಮಗ್ಗಿಯಲ್ಲಿ ಹುಲಿ. ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ಕೇಳಿದರೆ ಬೆಲ್ಟಿಲ್ಲದೆ ಎರಡನೆಯ ಹೆಜ್ಜೆಗೇ ನಿಂತುಬಿಡುತ್ತಿದ್ದೆ. ಕಾಲಿನಿಂದ ನೆಲ ಕುಟ್ಟುತ್ತ ಶುರು ಮಾಡಿದರೆ ಸರಾಗ. "ಲೇ, ಕಾಲ್ಯಾಕ ಕುಣಸಾಕತ್ತಿ?" ಎಂದು ಮೇಷ್ಟ್ರು ಗದರಿದರೆ ಕಾಲು ನಿಲ್ಲುತ್ತಿತ್ತು, ಮಗ್ಗಿಯೂ ನಿಲ್ಲುತ್ತಿತ್ತು. ಲೆಕ್ಕದಲ್ಲಿ ನಾನು ಮುಂದೆ ಬಾರದೆ ಹೋದದ್ದಕ್ಕೆ ಇದೇ ಕಾರಣ ಎಂದು ಇಂದಿಗೂ ಹೇಳಿಕೊಂಡು ತಿರುಗುತ್ತೇನೆ.

ಡಿಗ್ರಿ ಮುಗಿಸಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮದುವೆ ವಿಡಿಯೋ ಮಾಡುವ ಒಂದು ಸ್ಟುಡಿಯೋಕ್ಕೆ ಕೆಲಸಕ್ಕೆ ಸೇರಿದೆ. ಮಾಲೀಕರು ಮಸ್ತಾನ್ ಸಾಬರು. ಅವರ ಕ್ಯಾಮೆರಾದವರು ತೆಗೆದುಕೊಂಡು ಬಂದ ಮದುವೆಗಳನ್ನು ನಾನು ಕತ್ತರಿಸಿ ಹೊಂದಿಸಬೇಕು. ಊಟದ ಪಂಕ್ತಿಗೊಂದು ಹಾಡು, ಅಕ್ಷತೆಗೊಂದು ಹಾಡು. ವರ್ಷಕ್ಕೆ ನೂರು ಮದುವೆ ನೋಡಿದ್ದರಿಂದಲೋ ಏನೋ ಮದುವೆಯ ಬಗ್ಗೆ ನನಗೆ ಕುತೂಹಲ ಉಳಿಯಲಿಲ್ಲ. ಆದರೆ ಆ ಕಂಪ್ಯೂಟರಿನಲ್ಲಿ ಸದ್ದನ್ನು ಅಲೆಅಲೆಯಾಗಿ ಕಣ್ಣಿಂದ ನೋಡಬಹುದು, ಬಟ್ಟೆಯಂತೆ ಕತ್ತರಿಸಬಹುದು, ಒಂದೇ ತುಂಡನ್ನು ಮತ್ತೆ ಮತ್ತೆ ಸುತ್ತಿಸಬಹುದು ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಅಪ್ಪನ ಗಿರಣಿಯ ಟಪ್ಪನ್ನು ಫೋನಿನಲ್ಲಿ ಹಿಡಿದು ತಂದೆ. ಅದನ್ನು ದಪ್ಪ ಮಾಡಿದೆ, ಕೆಳಗೊಂದು ಗುಂಯ್ಗುಡುವ ಸ್ವರ ಕೂಡಿಸಿದೆ, ಯಾರಿಗೂ ಹೇಳದೆ ಒಂದು ಮದುವೆಯ ಮಾಂಗಲ್ಯಧಾರಣೆಯ ಕೆಳಗೆ ಹಾಕಿಬಿಟ್ಟೆ.

ಮೂರನೆಯ ದಿನಕ್ಕೆ ಹುಡುಗಿಯ ತಂದೆ ಬಂದರು. "ಸಾಬ್ರ, ಪೆನ್‌ಡ್ರೈವ್ ಕೆಟ್ಟೈತ್ರಿ. ತಾಳಿ ಕಟ್ಟೋ ಹೊತ್ತಿಗೆ ಒಳಗ ಏನೋ ಬಡ್ಯಾಕತ್ತೈತಿ. ನಮ್ಮ ಬೀಗರು ಎದಿ ಹಿಡ್ಕೊಂಡು ಕೂತ್ರು."

ಮಸ್ತಾನ್ ಸಾಬರು ಅದನ್ನು ಹಾಕಿ ಕೇಳಿದರು. ಒಮ್ಮೆ ಕೇಳಿದರು, ಎರಡನೆಯ ಸಲವೂ ಕೇಳಿದರು. ಬೇರೆ ಹಾಡು ಹಾಕಿಸಿ ಆ ಹಿರಿಯರನ್ನು ಕಳಿಸಿಕೊಟ್ಟರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದೆ, ಕೆಲಸ ಹೋಯಿತೆಂದೇ ಲೆಕ್ಕ.

"ಕೂಡು ಬೇಟಿ," ಎಂದರು. "ಮದುವಿ ಅವರದು. ಬಡಿತ ನಿಂದು. ಎರಡೂ ಕೂಡಿಸಬ್ಯಾಡ. ನಾಲ್ಕು ಗಂಟಿ ಮ್ಯಾಲೆ ಈ ಕಂಪ್ಯೂಟರ್ ಖಾಲಿ ಇರ್ತೈತಿ. ಏನರ ಕುಟ್ಟು, ನನಗ ತಕರಾರಿಲ್ಲ. ಬಾಗಿಲು ಮಾತ್ರ ಹಾಕ್ಕೋ."

ಹೀಗೆ ನನ್ನ ವೃತ್ತಿ ಬಾಗಿಲು ಹಾಕಿಕೊಂಡು ಶುರುವಾಯಿತು. ಕಲಿಸುವವರು ಯಾರೂ ಇರಲಿಲ್ಲ. ಫೋನಿನಲ್ಲಿ ಯಾವುದೋ ದೇಶದವನೊಬ್ಬ ನನಗೆ ತಿಳಿಯದ ಭಾಷೆಯಲ್ಲಿ ಪಾಠ ಮಾಡುತ್ತಿದ್ದ. ಅವನು ಎಲ್ಲಿ ಒತ್ತುತ್ತಾನೆ ಎಂದು ನೋಡಿಕೊಂಡು ನಾನೂ ಒತ್ತುತ್ತಿದ್ದೆ. ಅವನು ತಲೆ ಅಲ್ಲಾಡಿಸಿದ ಕಡೆ ನಾನೂ ತಲೆ ಅಲ್ಲಾಡಿಸುತ್ತಿದ್ದೆ. ಮೊದಲು ಸಿಕ್ಕಿದ ಕೆಲಸ ಒಂದು ಸೀರೆ ಅಂಗಡಿಯ ಜಾಹೀರಾತಿಗೆ ಬೀಟು ಹಾಕುವುದು. ಅದು ಆಟೋದ ಮೇಲಿನ ಸ್ಪೀಕರಿನಲ್ಲಿ ಹೊರಟ ದಿನ ನಾನು ಸ್ಕೂಟಿಯಲ್ಲಿ ಆಟೋದ ಹಿಂದೆಯೇ ಊರೆಲ್ಲ ತಿರುಗಿದೆ. ಮೂರನೆಯ ಸುತ್ತಿಗೆ ಆಟೋದವನು ಗಾಡಿ ನಿಲ್ಲಿಸಿ, "ಅಕ್ಕಾರ, ಸೀರಿ ಬೇಕಂದ್ರ ಅಂಗಡಿಗಿ ಹೋಗ್ರಿ, ನನ್ನ ಹತ್ರ ಇಲ್ರಿ" ಎಂದ.

ವೇದಿಕೆಗೊಂದು ಹೆಸರು ಬೇಕಾಯಿತು. ನಾನು ಇಂಗ್ಲಿಷಿನಲ್ಲಿ ಗುಡುಗು, ಮಿಂಚು, ರಾಣಿ ಎಲ್ಲ ಸೇರಿಸಿ ಒಂದು ಹೆಸರು ಬರೆದು ತೋರಿಸಿದೆ. ಸಾಬರು ಕನ್ನಡಕ ಏರಿಸಿ ಓದಿ, "ಇದು ಪಟಾಕಿ ಡಬ್ಬಿ ಮ್ಯಾಲೆ ಚಲೋ ಕಾಣ್ತೈತಿ" ಎಂದರು. ಕೊನೆಗೆ ಊರಿನಲ್ಲಿ ಎಲ್ಲರೂ ಕರೆಯುವ 'ಗಿರಣಿ ಗಿರಿಜಾ'ದಿಂದ ಗಿರಣಿ ಮಾತ್ರ ಉಳಿಸಿಕೊಂಡೆ. ಹೆಸರಿನಿಂದ ಗಂಡೋ ಹೆಣ್ಣೋ ತಿಳಿಯದಿದ್ದುದು ಇನ್ನೊಂದು ಮೋಜು. ಸಿರುಗುಪ್ಪದಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿ ವೈರುಗಳನ್ನು ಬಿಚ್ಚುತ್ತ ನಿಂತಿದ್ದಾಗ ಲೈಟಿನವರು ಬಂದು, "ನಿಮ್ಮ ಅಣ್ಣಾರು ಯಾವಾಗ ಬರ್ತಾರ್ರಿ?" ಎಂದು ಕೇಳಿದರು.

"ಬಂದಾರ್ರಿ. ಇಲ್ಲೇ ನಿಂತಾರ," ಎಂದೆ.

ಅವರು ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದರು.

ಇನ್ನು ದೊಡ್ಡವ್ವನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅತ್ತಿತ್ತ ಸುತ್ತಾಡಿದ್ದೇ ಆ ಮಾತಿಗೆ ಬರಲು ಸ್ವಲ್ಪ ನಾಚಿಕೆಯಾಗಿ.

ನಮ್ಮವ್ವನ ಅಕ್ಕ ಹನುಮಕ್ಕ ಇರುವುದು ಸಿರಿಗೇರಿಯಲ್ಲಿ. ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ ಶುರುವಾಗುತ್ತದೆ. ಆಗ ಹನ್ನೊಂದು ಹೆಣ್ಣುಮಕ್ಕಳ ಒಂದು ಗುಂಪು ಕಟ್ಟಿಕೊಂಡು ಗದ್ದೆಯಿಂದ ಗದ್ದೆಗೆ ಹೋಗುವವಳು ಆಕೆ. ಅರವತ್ತು ದಾಟಿದೆ. ಬೈಯುವುದು ತೆಲುಗಿನಲ್ಲಿ, ಹಾಡುವುದು ಕನ್ನಡದಲ್ಲಿ. ಬೈಗುಳ ಮತ್ತು ಹಾಡು ಎರಡಕ್ಕೂ ಕಾಲುವೆಯ ಆಚೆ ದಂಡೆಯವರೂ ಕಿವಿ ಕೊಡುತ್ತಾರೆ. ಆಕೆ ಒಂದು ಸಾಲು ಎತ್ತಿದರೆ ಉಳಿದ ಹತ್ತು ಮಂದಿ "ಹೌದ ನಮ್ಮವ್ವ ಹೌದ" ಎಂದು ಹಿಡಿಯುತ್ತಾರೆ.

ಒಂದು ಹಂಗಾಮಿನಲ್ಲಿ ಬದುವಿನ ಮೇಲೆ ಕೂತು ಅವರ ಜೊತೆ ರೊಟ್ಟಿ, ಪುಂಡಿಪಲ್ಯ ತಿಂದು, ಫೋನು ಹಿಡಿದು, "ದೊಡ್ಡವ್ವ, ಒಂದು ಹಾಡು ಹೇಳು" ಎಂದಿದ್ದೆ. ಆಕೆ ಕೈ ತೊಳೆದುಕೊಂಡು ಹಾಡಿದಳು. ತಂಗಿಯ ಮಗಳು ಕೇಳಿದಳೆಂದು ಹಾಡಿದಳು; ಯಾತಕ್ಕೆ ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಹಾಡಿನ ಮೊದಲ ನುಡಿ ಹೀಗಿತ್ತು:

ನಾ ಬರೂದಿಲ್ಲ... ಅಂದಾಕಿ ನಾನಲ್ಲ
ನೀರಾಗ ನಿಂತು ನಗುವಾಕಿ, ತಂಗೆವ್ವ
ನಿನಗಿಂತ ಮೊದಲು ಬರುವಾಕಿ.

'ನಾ ಬರೂದಿಲ್ಲ' ಎಂದಾದ ಮೇಲೆ ಆಕೆ ಒಂದು ಉಸಿರು ನಿಲ್ಲಿಸುತ್ತಿದ್ದಳು. ಸ್ಟುಡಿಯೋದಲ್ಲಿ ಅಲೆಗಳನ್ನು ನೋಡಿದರೆ ಅಲ್ಲೊಂದು ಚೊಕ್ಕಟವಾದ ಖಾಲಿ ಜಾಗ. ನಮ್ಮಂಥವರಿಗೆ ಅಂಥ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಅಲ್ಲಿಗೆ ಕತ್ತರಿಸಿದೆ. 'ನಾ ಬರೂದಿಲ್ಲ' ಎಂಬ ತುಂಡನ್ನು ಸುತ್ತಿಸಿದೆ. ಅದರ ಗಡಸು, ಕೊನೆಯ ಅಕ್ಷರದಲ್ಲಿ ಸಣ್ಣಗೆ ಏರುವ ದನಿ ಬೀಟಿನ ಮೇಲೆ ಕುದುರೆ ಸವಾರನಂತೆ ಕೂತಿತು. ನಾ ಬರೂದಿಲ್ಲ, ನಾ ಬರೂದಿಲ್ಲ, ನಾ ನಾ ನಾ ಬರೂದಿಲ್ಲ. ನಾಲ್ಕು ನಿಮಿಷದ ಹಾಡಾಯಿತು. ಇಂಟರ್ನೆಟ್ಟಿಗೆ ಹಾಕಿದೆ.

ಅದು ಓಡಿತು. ಮೊದಲು ಆಟೋಗಳಲ್ಲಿ, ಆಮೇಲೆ ಟ್ರ್ಯಾಕ್ಟರುಗಳಲ್ಲಿ, ಮೆರವಣಿಗೆಗಳಲ್ಲಿ. ಒಂದು ಮಧ್ಯಾಹ್ನ ಕುರುಗೋಡಿನಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಬುಟ್ಟಿಯೊಳಗಿನ ಬದನೆಕಾಯಿಗಳೇ ನಡುಗತೊಡಗಿದವು. ತಲೆ ಎತ್ತಿದರೆ ಟ್ರ್ಯಾಕ್ಟರು, ಅದರ ಮೇಲೆ ಬೀರುವಿನಷ್ಟು ದೊಡ್ಡ ಸ್ಪೀಕರು, ಅದರೊಳಗೆ ನಮ್ಮ ದೊಡ್ಡವ್ವ. ತರಕಾರಿ ಮಾರುವಾಕೆ ತಲೆ ಅಲ್ಲಾಡಿಸುತ್ತ ತೂಗುತ್ತಿದ್ದಳು. ನಾನು ಅರ್ಧ ಕಿಲೋ ಕೇಳಿ ಒಂದು ಕಿಲೋ ತೆಗೆದುಕೊಂಡು ಬಂದೆ. ಅಷ್ಟು ಸಂತೋಷ.

ಹದಿನೈದು ದಿನ ಕಳೆದಿರಬೇಕು. ಸಿರಿಗೇರಿಗೆ ಹೋಗಿದ್ದ ಅವ್ವ ವಾಪಸು ಬಂದವಳು ಚಪ್ಪಲಿ ಬಿಡುತ್ತಲೇ, "ನಿಮ್ಮ ದೊಡ್ಡವ್ವ ಹಾಡೋದು ಬಿಟ್ಟಾಳ" ಎಂದಳು.

"ಯಾಕ? ಆರಾಮಿಲ್ಲೇನು?"

"ಆರಾಮದಾಳ. ನೀನೇ ಬಿಡಿಸೀದಿ."

ಅವ್ವ ಹೇಳಿದ್ದಿಷ್ಟು. ದೊಡ್ಡವ್ವ ಗದ್ದೆಯಲ್ಲಿದ್ದಾಗ ಬದುವಿನ ಪಕ್ಕದ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾದುಹೋಯಿತು. ಗುಂಪಿನವರು ನೆಟ್ಟಗೆ ನಿಂತು ಕೇಳಿದರು. ಎಲ್ಲರಿಗೂ ದನಿ ಗುರುತು ಹತ್ತಿತು. ಮೊದಮೊದಲು ನಕ್ಕರು. ಮಾರನೆಯ ದಿನ ಗದ್ದೆಯ ಯಜಮಾನ, "ಏನ ಹನುಮಕ್ಕ, ನಾಳಿ ಬರ್ತೀಯೋ, ಇಲ್ಲಾ ನಾ ಬರೂದಿಲ್ಲೋ?" ಎಂದ. ಹಾಲಿನವರು ಅದನ್ನೇ ಕೇಳಿದರು, ಬಸ್ಸಿನ ಕಂಡಕ್ಟರೂ ಅದನ್ನೇ ಕೇಳಿದ. ಕರೆದ ಕೆಲಸಕ್ಕೆ ಜನ್ಮದಲ್ಲಿ ಒಮ್ಮೆಯೂ ಇಲ್ಲ ಎನ್ನದ ಹೆಂಗಸು ಆಕೆ. ಹೆತ್ತ ಹನ್ನೆರಡನೆಯ ದಿನಕ್ಕೆ ಕೆಸರಿಗೆ ಇಳಿದವಳು. ಈಗ ಇಡೀ ತಾಲೂಕಿನಲ್ಲಿ ಆಕೆಯ ದನಿ 'ನಾ ಬರೂದಿಲ್ಲ, ನಾ ಬರೂದಿಲ್ಲ' ಎಂದು ಕೂಗುತ್ತಿತ್ತು. ಅದಕ್ಕೇ ಆಕೆ ಹಾಡು ನಿಲ್ಲಿಸಿದಳು. ಹನ್ನೊಂದು ಮಂದಿ ಮೂಕರಂತೆ ನಾಟಿ ಹಚ್ಚುತ್ತಿದ್ದರು.

ನಾನು ಕೋಣೆಗೆ ಹೋಗಿ ಆ ಹಾಡನ್ನು ಹಾಕಿ ಕೇಳಿದೆ. ಅಷ್ಟು ದಿನ ಅದರಲ್ಲಿ ನನಗೆ ಕೇಳಿಸಿದ್ದು ದನಿಯ ಏರು, ಉಸಿರು, ಬೀಟು. ಮಾತು ಕೇಳಿಸಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಸಿರಿಗೇರಿಗೆ ಹೋದೆ. ದೊಡ್ಡವ್ವ ಮನೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. "ಬಾ" ಎನ್ನಲಿಲ್ಲ, ಮೊರವನ್ನು ಸ್ವಲ್ಪ ಸರಿಸಿದಳು. ನಾನು ಕೂತೆ.

"ದೊಡ್ಡವ್ವ, ನಂದು ತಪ್ಪಾತು," ಎಂದೆ.

"ಏನು ತಪ್ಪಾತು?"

"ನಿನ್ನ ಕೇಳದ ಹಾಡು ಹಾಕಿದೆ."

"ಕೇಳಿದ್ರ ಕೊಡ್ತಿದ್ನಲ್ಲ. ಅದಲ್ಲ." ಆಕೆ ಒಂದು ಕಲ್ಲು ಹೆಕ್ಕಿ ಬಿಸಾಕಿದಳು. "ನನ್ನ ಮಾತು ಅರ್ಧಕ್ಕ ಯಾಕ ಮುರದಿ? ನಾ ಏನು ಅಂದೆ? ಅಂದಾಕಿ ನಾನಲ್ಲ ಅಂದೆ. ನೀ ಏನು ಮಾಡಿದಿ? ನಾನ ಅಂದಾಕಿ ಅಂತ ಮಾಡಿದಿ. ಹೌದಲ್ಲ?"

"ಹೌದು."

"ಓದಿದಾಕಿ ನೀನು."

ಇದಕ್ಕಿಂತ ಆಕೆ ತೆಲುಗಿನಲ್ಲಿ ಬೈದಿದ್ದರೆ ಹಗುರವಾಗುತ್ತಿತ್ತು. ಆ ಹಾಡನ್ನು ತೆಗೆದುಹಾಕುತ್ತೇನೆ ಎಂದೆ. ಟ್ರ್ಯಾಕ್ಟರಿನವರ ಫೋನಿನಿಂದಲೂ ಅದು ಹೋಗುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ.

"ಮತ್ತ ತಗದು ಏನು ಉಪಯೋಗ? ಪೂರಾ ಹಾಡ್ತೀನಿ. ಪೂರಾ ಹಾಕು." ಮೊರ ಕೆಳಗಿಟ್ಟು ಹೇಳಿದಳು: "ಇಲ್ಲಿ ಕೂತು ಹಾಡೂದಿಲ್ಲ. ಗದ್ದಿಯಾಗ ಹಾಡ್ತೀನಿ. ನೀನೂ ಇಳಿಬೇಕು. ನಾ ಎಲ್ಲಿ ನಿಂದರ್ತೀನಿ, ಯಾಕ ನಿಂದರ್ತೀನಿ, ನಿನ್ನ ಕಾಲಿಗಿ ತಿಳೀಬೇಕು."

ಎರಡು ದಿನ ಬಿಟ್ಟು ಸೀರೆ ಎತ್ತಿಕಟ್ಟಿ ಗದ್ದೆಗೆ ಇಳಿದೆ. ರೆಕಾರ್ಡರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದೆ. ನಾಟಿ ಹಚ್ಚುವವರು ಹಿಂದಕ್ಕೆ ನಡೆಯುತ್ತಾರೆ ಎಂಬುದನ್ನು ಬದುವಿನ ಮೇಲೆ ಕೂತು ಎಷ್ಟೋ ಸಲ ನೋಡಿದ್ದೆ, ನಡೆದು ನೋಡಿರಲಿಲ್ಲ. ಬಗ್ಗಿದ ಬೆನ್ನು ಎತ್ತುವಂತಿಲ್ಲ, ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ನೆಡುತ್ತಲೇ ಇರಬೇಕು, ಕಾಲು ಮಾತ್ರ ಕೆಸರಿನಿಂದ ಕಿತ್ತು ಹಿಂದಕ್ಕೆ. ದೊಡ್ಡವ್ವ ಎತ್ತಿದಳು. "ನಾ ಬರೂದಿಲ್ಲ..." ಹನ್ನೊಂದು ಜನರ ಕಾಲು ಒಟ್ಟಿಗೆ ಪಚಕ್ ಎಂದು ಕೆಸರಿನಿಂದ ಎದ್ದು ಹಿಂದೆ ಹೋದವು. "...ಅಂದಾಕಿ ನಾನಲ್ಲ." ನಾನು ಸ್ಟುಡಿಯೋದಲ್ಲಿ ಕಂಡ ಆ ಚೊಕ್ಕಟವಾದ ಖಾಲಿ ಜಾಗ ಖಾಲಿಯಾಗಿರಲಿಲ್ಲ. ಅದು ಒಂದು ಹೆಜ್ಜೆಯ ಜಾಗ. ಅಲ್ಲಿ ಹೆಜ್ಜೆ ಇಡದವರು ಮುಂದಿನ ಸಾಲಿಗೆ ಹಿಂದುಳಿಯುತ್ತಿದ್ದರು.

ನಾನು ಹೆಜ್ಜೆ ಇಡಲಿಲ್ಲ. ಇಡಲು ಹೋದೆ, ಕಾಲು ಬರಲಿಲ್ಲ, ನಾನು ಮಾತ್ರ ಹೋದೆ. ಕೆಸರಿನಲ್ಲಿ ಸೊಂಟದವರೆಗೆ ಕೂತವಳನ್ನು ಪಕ್ಕದಲ್ಲಿದ್ದ ಈರಮ್ಮ ಎಂಬಾಕೆ ತೋಳು ಹಿಡಿದು ಎಬ್ಬಿಸಿದಳು. ಹಾಡು ನಿಲ್ಲಲಿಲ್ಲ, ಅದರ ಮಧ್ಯೆ ನಗು ಸೇರಿಕೊಂಡಿತು. ದೊಡ್ಡವ್ವ ಹಾಡು ನಿಲ್ಲಿಸಿದ ಮೇಲೆ ಆ ಗುಂಪು ಮತ್ತೆ ಹಾಡಿದ್ದು ಅಂದೇ. ಗದ್ದೆಯ ಒಂದು ಮಡಿ ಪೂರ್ತಿ ನೆಟ್ಟು ಮುಗಿಯುವವರೆಗೆ ಹಾಡಿದರು. ಸಂಜೆ ನಾನು ನೆಟ್ಟ ಸಾಲನ್ನು ದೊಡ್ಡವ್ವ ನೋಡಿ, "ಇದು ಕುಡುದು ನಡದಂಗ ಐತಿ" ಎಂದು ಕಿತ್ತು ಮತ್ತೆ ನೆಟ್ಟಳು.

ಸಾಬರ ಕೆಲಸ ಬಿಟ್ಟ ಮೇಲೆ ಕುರುಗೋಡಿನಲ್ಲಿ ಗಿರಣಿಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೋ. ಅಲ್ಲಿ ಕೂತು ಆ ಹಾಡನ್ನು ಕಂಪ್ಯೂಟರಿನ ತಾಳಕ್ಕೆ ಕೂರಿಸಲು ಒಂದು ವಾರ ಹೆಣಗಿದೆ. ಕೂರಲಿಲ್ಲ. ಕಂಪ್ಯೂಟರಿಗೆ ಬೇಕಾದದ್ದು ಗಡಿಯಾರದಂಥ ತಾಳ. ದೊಡ್ಡವ್ವನ ಹಾಡು ಬೆನ್ನು ನೋಯುವಾಗ ನಿಧಾನವಾಗುತ್ತಿತ್ತು, ಬದು ಹತ್ತಿರ ಬಂದಾಗ ಜೋರಾಗುತ್ತಿತ್ತು, ಯಾರಾದರೂ ಸಸಿಯ ಕಟ್ಟು ಬೇಡಿದರೆ ಅಲ್ಲೇ ಒಂದು ಮಾತ್ರೆ ಕಾಯುತ್ತಿತ್ತು. ಹಾಡನ್ನು ಎಳೆದು ತಾಳಕ್ಕೆ ಹೊಂದಿಸಿದರೆ ಹನ್ನೊಂದು ಜನರಿಗೂ ಬಿಕ್ಕಳಿಕೆ ಬಂದಂತೆ ಕೇಳುತ್ತಿತ್ತು. ಫೋನಿನಲ್ಲಿ ಮಸ್ತಾನ್ ಸಾಬರ ಮುಂದೆ ಅಳಲು ತೋಡಿಕೊಂಡೆ.

"ಬೇಟಿ, ಮದುವಿ ವಿಡಿಯೋದಾಗ ಮದುಮಗಳು ನಕ್ಕಾಗ ಹಾಡು ಬದಲಿ ಮಾಡ್ತಿದ್ದಿ," ಎಂದರು. "ಹಾಡಿಗಿ ತಕ್ಕಂಗ ನಗವ್ವಾ ಅಂತ ಆಕಿಗಿ ಹೇಳ್ತಿದ್ದೇನು?"

ಕಂಪ್ಯೂಟರಿನ ಆ ಗಡಿಯಾರವನ್ನೇ ಬಂದ್ ಮಾಡಿದೆ. ಆ ಪಚಕ್ ಸದ್ದನ್ನೇ ಎತ್ತಿ ಬೀಟು ಮಾಡಿದೆ. ದೊಡ್ಡವ್ವ ಎಲ್ಲಿ ಹೆಜ್ಜೆ ಇಟ್ಟಳೋ ಅಲ್ಲಲ್ಲಿ ಒಂದೊಂದನ್ನೂ ಕೈಯಿಂದ ಕೂರಿಸಿದೆ. ಹತ್ತೊಂಬತ್ತು ನಿಮಿಷದ ಹಾಡಾಯಿತು. ಅದರ ಜೊತೆಗೆ ಹಳೆಯ ನಾಲ್ಕು ನಿಮಿಷದ್ದನ್ನೂ ಬಿಚ್ಚಿದೆ. ಮೂರು ಸಲ 'ನಾ ಬರೂದಿಲ್ಲ' ಆದ ಮೇಲೆ ಎಲ್ಲ ಸದ್ದನ್ನೂ ನಿಲ್ಲಿಸಿದೆ. ಪೂರ್ತಿ ನಿಶ್ಶಬ್ದ, ಒಂದು ಹೆಜ್ಜೆಯಷ್ಟು. ಆಮೇಲೆ ದೊಡ್ಡವ್ವ ಒಬ್ಬಳೇ: 'ಅಂದಾಕಿ ನಾನಲ್ಲ.' ಅದರ ಮೇಲೆ ಧಡ್ ಎಂದು ಬೀಟು. ಹಾಕಿ ಕೇಳಿದೆ. ಹಾಡಿನ ಒಳ್ಳೆಯ ಅರ್ಧವನ್ನೇ ನಾನು ಕತ್ತರಿಸಿ ಎಸೆದಿದ್ದೆ.

ದೊಡ್ಡವ್ವನನ್ನು ಕರೆಸಿ ಹೆಡ್‌ಫೋನು ಹಾಕಿ ಕೇಳಿಸಿದೆ. ಕಿವಿ ಮುಚ್ಚಿದ್ದರಿಂದ ಆಕೆ ಗಿರಣಿಯಲ್ಲಿದ್ದ ಗಿರಾಕಿಗಳೆಲ್ಲ ಬೆಚ್ಚುವಂತೆ ಮಾತಾಡುತ್ತಿದ್ದಳು. "ಈರಮ್ಮನ ಕೆಮ್ಮು ಎಲ್ಲಿ ಹೋತು?" ಎಂದು ಕೂಗಿದಳು.

"ಅದನ್ನ ತಗದೀನಿ ದೊಡ್ಡವ್ವ. ಸ್ವಚ್ಛ ಮಾಡೀನಿ."

"ಯಾಕ ತಗದಿ? ಆಕಿ ಅಲ್ಲಿ ಕೆಮ್ಮಿದ್ಲು, ನಾ ಅದಕ್ಕ ದನಿ ಏರಿಸಿದೆ. ಕೆಮ್ಮಿಲ್ಲಂದ್ರ ನಾ ಸುಳ್ಳೇ ಒದರಿದಂಗ ಆಗ್ತೈತಿ. ಹಾಕು."

ಕೆಮ್ಮನ್ನು ವಾಪಸು ಹಾಕಿದೆ. ಆ ಉದ್ದದ ಹಾಡನ್ನು ಇಂಟರ್ನೆಟ್ಟಿಗೆ ಹಾಕಿ, ಕೆಳಗೆ ಹನ್ನೊಂದು ಜನರ ಹೆಸರನ್ನೂ ಬರೆದೆ, ಈರಮ್ಮನದನ್ನೂ ಸೇರಿಸಿ.

ಆ ಚಳಿಗಾಲದಲ್ಲಿ ಬಳ್ಳಾರಿಯ ಒಂದು ಸಭಾಂಗಣದಲ್ಲಿ ನನ್ನದೊಂದು ಮಧ್ಯಾಹ್ನದ ಕಾರ್ಯಕ್ರಮ ನಿಗದಿಯಾಯಿತು. ದೊಡ್ಡವ್ವನನ್ನೂ ಈರಮ್ಮ ಸೇರಿ ಗುಂಪಿನ ನಾಲ್ಕು ಜನರನ್ನೂ ವೇದಿಕೆಗೆ ಕರೆದುಕೊಂಡು ಬರುತ್ತೇನೆ ಎಂದೆ. ಸಂಘಟಕರು ಅನುಮಾನದಿಂದ, "ಕಾಲೇಜು ಹುಡುಗರು ಬರ್ತಾರ್ರಿ, ಕೂಡ್ತಾರೋ ಇಲ್ಲೋ" ಎಂದರು. ನನಗೂ ಅದೇ ಭಯ. ಹತ್ತೊಂಬತ್ತು ನಿಮಿಷದ ಹಾಡನ್ನು ಇಂಟರ್ನೆಟ್ಟಿನಲ್ಲಿ ಕೇಳಿದವರು ಬಹಳ ಇರಲಿಲ್ಲ. ದೊಡ್ಡವ್ವನ ಮುಂದೆ ಹುಡುಗರು ಎದ್ದುಹೋದರೆ ಎರಡನೆಯ ಸಲ ಆಕೆಯ ಬಾಯಿ ಮುಚ್ಚಿಸಿದ ಪಾಪ ನನಗೆ.

ಭಯಪಟ್ಟಂತೆಯೇ ಆಯಿತು. ಆ ಐವರು ಹೊಸ ಸೀರೆ ಉಟ್ಟು ಮೈಕಿನ ಮುಂದೆ ನಿಂತು ಮೊದಲ ನುಡಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಕೂಗು ಬಂತು: "ಅಕ್ಕಾ, ಡ್ಯಾನ್ಸಿಂದು ಹಾಕ್ರಿ. ನಾ ಬರೂದಿಲ್ಲ ಹಾಕ್ರಿ." ಸಿಳ್ಳೆಗಳು ಶುರುವಾದವು.

ದೊಡ್ಡವ್ವ ಹಾಡು ನಿಲ್ಲಿಸಿದಳು. ಮೈಕಿಗೆ ಬಾಯಿ ತೀರಾ ಹತ್ತಿರ ತಂದು, "ಯಾರಪ್ಪ ಅದು ಕರದಾವ?" ಎಂದಳು. ಸಿಳ್ಳೆಗಳು ನಿಂತವು. "ಹಾಕ್ತಾಳ. ನಮ್ಮ ಹುಡುಗಿನ ಮಾಡಿದ್ದು ಅದು. ಆದ್ರ ಅದರಾಗ ಹಾಡಿದಾಕಿ ನಾನು. ಉಳಿದ ಅರ್ಧ ಮಾತು ನನ್ನ ಹತ್ರ ಐತಿ. ಅದನ್ನ ಕೇಳಿ ಕುಣೀರಿ."

ಆಕೆ ನನ್ನ ಕಡೆ ನೋಡಿ ಗದ್ದೆಯಲ್ಲಿ ಸಸಿಯ ಕಟ್ಟು ಕೇಳುವಾಗಿನಂತೆ ಕೈ ಚಾಚಿದಳು. ನಾನು ಬೀಟು ಬಿಟ್ಟೆ. ನಾ ಬರೂದಿಲ್ಲ. ಹುಡುಗರು ಎದ್ದರು. ನಾ ಬರೂದಿಲ್ಲ. ಕುರ್ಚಿಗಳು ಸರಿದವು. ನಾ ಬರೂದಿಲ್ಲ. ಎಲ್ಲವನ್ನೂ ನಿಲ್ಲಿಸಿದೆ. ವೇದಿಕೆಯ ಮೇಲೆ ಐದು ಹೆಂಗಸರು ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ದೊಡ್ಡವ್ವ ಕಾಯಿಸಿದಳು, ರೆಕಾರ್ಡಿನಲ್ಲಿ ಇದ್ದುದಕ್ಕಿಂತ ಇನ್ನೂ ಸ್ವಲ್ಪ ಹೆಚ್ಚಾಗಿಯೇ ಕಾಯಿಸಿದಳು. ನಂತರ ಮೈಕಿನಿಂದ ದೂರ ಸರಿದು, ಕಾಲುವೆಯ ಆಚೆ ದಂಡೆಗೆ ಕೇಳಿಸುವ ಆ ದನಿಯಲ್ಲಿ: "ಅಂದಾಕಿ ನಾನಲ್ಲ."

ಬೀಟು ಬಿಟ್ಟೆ. ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ. ನಾಲ್ಕನೆಯ ಸಲಕ್ಕೆ ಇಡೀ ಸಭಾಂಗಣವೇ ಆಕೆಯೊಂದಿಗೆ ಹಿಂದಕ್ಕೆ ಹೆಜ್ಜೆ ಇಟ್ಟು, ಕಾದು, 'ಅಂದಾಕಿ ನಾನಲ್ಲ' ಎಂದು ಕೂಗುತ್ತಿತ್ತು. ಹಿಂದಿನ ಸಾಲಿನವರು ಗೋಡೆಗೆ ಬೆನ್ನು ಬಡಿಸಿಕೊಂಡರು. ಅದು ಮುಗಿದ ಮೇಲೆ ಹತ್ತೊಂಬತ್ತು ನಿಮಿಷದ ಹಾಡನ್ನು ಮೊದಲಿನಿಂದ ಹಾಡಿದರು. ಕೆಲವರು ಎದ್ದುಹೋದರು, ಬಹಳ ಜನ ಕೂತು ಕೇಳಿದರು. ಸಂಘಟಕರು ಈರಮ್ಮನಿಗೆ ಹಾರ ಹಾಕಲು ಹೋದಾಗ ಆಕೆ ಕೆಮ್ಮಿದಳು. ಅದಕ್ಕೂ ಚಪ್ಪಾಳೆ ಬಿತ್ತು.

ಐದು ಗಂಟೆಯ ಬಸ್ಸಿಗೆ ಅವರನ್ನು ಸಿರಿಗೇರಿಗೆ ಬಿಟ್ಟುಬರಲು ನಾನೂ ಹತ್ತಿದೆ. ಮಂಡಕ್ಕಿ ಒಗ್ಗರಣಿ-ಮಿರ್ಚಿಯ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತಿತ್ತು. ಊರು ದಾಟುತ್ತಲೇ ದೊಡ್ಡವ್ವ ಕಿಟಕಿಯ ಕಡೆ ಮುಖ ಮಾಡಿ ಸಣ್ಣಗೆ ಎತ್ತಿದಳು, ಅದೇ ಧಾಟಿ, ಮಾತು ಹೊಸವು:

ಗಿರಣಿಯ ಮಗಳು ಗದ್ದೀಗಿ ಇಳದಾಳ
ಹಿಂದಕ ಹೆಜ್ಜಿ ಇಡಲಾರದ, ತಂಗೆವ್ವ
ಕೂತಾಳ ಕೆಸರ ಗಾದಿ ಮ್ಯಾಲ.

"ಹೌದ ನಮ್ಮವ್ವ ಹೌದ," ಎಂದು ಉಳಿದ ನಾಲ್ವರು ಹಿಡಿದರು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಿರಣಿಯ ಮಗಳು ಯಾರೆಂದು ಕಂಡಕ್ಟರು ಕೇಳಿದ. ಐದು ಬೆರಳುಗಳು ನನ್ನನ್ನು ತೋರಿಸಿದವು. ನನ್ನನ್ನು ಹಾಡಿಗೆ ಹಾಕುವ ಮೊದಲು ದೊಡ್ಡವ್ವ ನನ್ನನ್ನು ಕೇಳಿರಲಿಲ್ಲ.

ದಾರಿ ಸಾಗುತ್ತಿದ್ದಂತೆ ನುಡಿಗಳು ಬೆಳೆದವು. ಕೊರಳಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲ ಬಂತು, ಕುಡಿದು ನಡೆದಂಥ ಸಾಲು ಬಂತು, ಮೂವತ್ತೈದಾದರೂ ಮದುವೆಯಾಗದೆ ಊರವರ ಮದುವೆಗಳನ್ನು ಕತ್ತರಿಸಿದ್ದೂ ಬಂತು. ಏಳು ನುಡಿಯಾದ ಮೇಲೆ ಆಕೆ ಒಂದು ಮಿರ್ಚಿ ಬಾಯಿಗಿಟ್ಟುಕೊಂಡು, ಮುಂದೇನು ಎಂಬಂತೆ ನಿಂತಳು.

"ದೊಡ್ಡವ್ವ, ನಾ ಒಂದು ಸಾಲು ಹೇಳಲೇನು?" ಎಂದೆ.

"ಹೇಳು, ನೋಡೂಣು."

"ಕತ್ತರಿ ಕೈಯಾಕಿ ಬಾಯಿ ಮುಚ್ಚಿ ಕೂತಾಳ."

ಆಕೆ ಮಿರ್ಚಿ ನುಂಗಿ, ಆ ಸಾಲನ್ನು ತುಟಿಯೊಳಗೇ ಎರಡು ಸಲ ಹೇಳಿಕೊಂಡು ನೋಡಿದಳು. ಒಲ್ಲೆ ಎಂಬಂತೆ ತಲೆ ಅಲ್ಲಾಡಿಸಿದಳು. ಬೆರಳಿನ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡು, ದನಿ ಎತ್ತಿ ಇಡೀ ಬಸ್ಸಿಗೆ ಕೇಳುವಂತೆ ಹಾಡಿದಳು:

"ಕತ್ತರಿ ಕೈಯಾಕಿ ಬಾಯಿ ತೆರೆದಾಳ."